ಹಣಗಿ ಹಾಡಿನ ನಗು

ಶಾಲು ಯಾರು ಹೊದಿಸಬೇಕೆಂದು ತೀರ್ಮಾನಿಸಲು ಪ್ರಿನ್ಸಿಪಾಲರಿಗೆ ಎರಡು ನಿಮಿಷವೂ ಬೇಕಾಗಿರಲಿಲ್ಲ. ಮೂರು ದಿನದ ಹಿಂದಿನ ಆ ಎರಡು ನಿಮಿಷವನ್ನು ಸಿಲ್ವಿಯಾ ಇನ್ನೂ ಎಣಿಸುತ್ತಿದ್ದಳು. ಲೈಬ್ರರಿಯಿಂದ ಕರೆಸಿ, ಕೂಡ್ರಿ ಎಂದಿದ್ದರು. ಹನ್ನೊಂದು ವರ್ಷದ ನೌಕರಿಯಲ್ಲಿ ಆ ಕೋಣೆಯ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು. ಹಾಗಾಗಿ ಅವರು ಹೇಳಿದ ಮಾತಿಗಿಂತ ಕುರ್ಚಿಯ ಬೆತ್ತದ ಹೆಣಿಗೆ ತೊಡೆಗೆ ಒತ್ತುತ್ತಿದ್ದುದೇ ಹೆಚ್ಚು ನೆನಪಿನಲ್ಲಿ ಉಳಿದಿತ್ತು. ಶನಿವಾರ ಕಾಲೇಜಿನ ಗ್ಯಾದರಿಂಗಿಗೆ ಅಡಿವೆಯ್ಯನವರು ಬರುತ್ತಾರೆ, ತತ್ವಪದ ಹಾಡುತ್ತಾರೆ, ಹಾಡುವ ಮೊದಲು, ಹಿಂದೊಮ್ಮೆ ಹಾಡಿದ ಹಣಗಿ ಹಾಡಿಗಾಗಿ ವೇದಿಕೆಯ ಮೇಲೆ ಸಿದ್ದಿ ಜನರ ಕ್ಷಮೆ ಕೇಳಬೇಕೆಂದು ತಾವೇ ಪತ್ರ ಬರೆದಿದ್ದಾರೆ, ಎಂಥ ದೊಡ್ಡ ಮನಸ್ಸು ನೋಡ್ರಿ ಎಂದಿದ್ದರು. ಆಮೇಲೆ, ನಿಮ್ಮವರ ಪೈಕಿ ಒಬ್ಬರು ಶಾಲು ಹೊದಿಸಿ ಕ್ಷಮಿಸೇವಿ ಅಂತ ಎರಡು ಮಾತು ಹೇಳಿದರೆ ಕಾರ್ಯಕ್ರಮಕ್ಕೆ ಕಳೆ ಬರುತ್ತದೆ, ಹೊರಗಿನಿಂದ ಯಾಕೆ ಕರೆಸುವುದು, ನೀವೇ ಇದ್ದೀರಲ್ಲ ಎಂದರು. ಅವಳು ಆಗಲಿ ಸರ್ ಎಂದಳು. ಅದಕ್ಕೂ ಎರಡು ನಿಮಿಷ ಬೇಕಾಗಲಿಲ್ಲ.

ನೀವೇ ಇದ್ದೀರಲ್ಲ. ಹನ್ನೊಂದು ವರ್ಷ ದಾಂಡೇಲಿಯ ಈ ಕಾಲೇಜಿನಲ್ಲಿ ಯಾರೂ ಅವಳ ಮುಂದೆ ಸಿದ್ದಿ ಎಂಬ ಶಬ್ದ ಆಡಿರಲಿಲ್ಲ. ಅದು ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು, ಅವಳೂ ಹಾಗೇ ತಿಳಿದುಕೊಂಡು ಬದುಕಿದ್ದಳು. ಹೊಸ ವಿದ್ಯಾರ್ಥಿಗಳು ಪುಸ್ತಕ ಕೇಳಲು ಕೌಂಟರಿಗೆ ಬಂದಾಗ ಮೊದಲ ಸಲ ಅವಳ ಮುಖ, ಗುಂಗುರು ಕೂದಲು ನೋಡಿ ಒಂದು ಕ್ಷಣ ತಡೆಯುತ್ತಿದ್ದರು, ಆಮೇಲೆ ರೂಢಿಯಾಗುತ್ತಿತ್ತು. ಆ ಒಂದು ಕ್ಷಣ ಅವಳಿಗೂ ಮಿಲ್ಲಿನ ಭೋಂಗಾದ ಹಾಗೆ, ದಿನಾ ಊದುವುದಾದ್ದರಿಂದ ಕೇಳಿಸದೆ ಹೋಗಿತ್ತು. ಈಗ ಒಮ್ಮೆಲೇ ಜೋಯಿಡಾದ ಕಾಡಂಚಿನವರು, ಹಳಿಯಾಳದ ಹಳ್ಳಿಗಳವರು, ತಾನು ಮುಖ ನೋಡದವರು, ಸತ್ತವರು, ಹುಟ್ಟದವರು ಎಲ್ಲರೂ ಸೇರಿ ಅವಳೊಬ್ಬಳಾಗಿದ್ದಳು. ಅವರೆಲ್ಲರ ಪರವಾಗಿ ಅವಳು ಒಂದು ಶಾಲು ಎತ್ತಬೇಕಾಗಿತ್ತು. ಇದಕ್ಕೆ ಸಿಟ್ಟು ಬರಬೇಕಿತ್ತು ಎಂದು ಅವಳು ಬುಕ್ಕುಗಳ ಬೆನ್ನಿಗೆ ಚೀಟಿ ಅಂಟಿಸುತ್ತ ಯೋಚಿಸಿದಳು. ಬರಲಿಲ್ಲ. ಬೆರಳ ತುದಿಯಲ್ಲಿ ಅಂಟು ಒಣಗಿ ಇನ್ನೊಂದು ಚರ್ಮವಾಗಿತ್ತು. ಅದರ ಮೇಲೆ ಉಗುರಿನಿಂದ ಒತ್ತಿದರೆ ಒತ್ತಿದ್ದು ತಿಳಿಯುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ.

ಲೈಬ್ರರಿಯ ಕುರ್ಚಿಗಳನ್ನೆಲ್ಲ ಸಭಾಭವನಕ್ಕೆ ಒಯ್ದಿದ್ದರು. ಬರಿದಾದ ನೆಲವನ್ನು ಕಸಬರಿಗೆಯಿಂದ ಗುಡಿಸುತ್ತ ಶಂಕ್ರವ್ವ ಒಳಗೆ ಬಂದಳು. ಕಾಲೇಜಿನ ಕಸ ಹೊಡೆಯುತ್ತ ಇನ್ನೇನು ರಿಟೈರಾಗುವ ಹೆಂಗಸು. ಯಾರಿಗೂ ಹೆದರದಷ್ಟು ವರ್ಷ ಅವಳಿಗಾಗಿತ್ತು. ಸಿಲ್ವಿಯಾಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಸ್ಟೇಜಿನ ಮೇಲೆ ಹೋಗುವವಳು ಇಂಥ ಬೂದಿ ಬಣ್ಣದ ಸೀರೆ ಉಟ್ಟು ಬರುವುದೇ, ಸತ್ತವರ ಮನೆಗೆ ಹೊರಟ ಹಾಗೆ, ಎಂದಳು. ಆಮೇಲೆ ಕಸಬರಿಗೆಗೆ ಗದ್ದ ಆನಿಸಿ ನಿಂತಳು.

"ಸುಳ್ಳ್ಯಾಕ ಹೇಳ್ಲಿ ಬಾಯಾರ, ಆ ಹಣಗಿ ಹಾಡಿಗೆ ನಾನೂ ನಕ್ಕಾಕಿನ. ನಮ್ಮ ಓಣ್ಯಾಗ ಮದುವಿ ಆದ್ರ ಅದ ಹಚ್ತಿದ್ರು. ಹಾಡಿನ್ಯಾಗ ಏನಿತ್ತು ಮಣ್ಣು, ಆ ಹುಡಿಗಿ ನಗ್ತಿತ್ತಲ್ಲ, ಆ ನಗಿ ಕೇಳಿ ಎಲ್ಲಾರ್ಗೂ ನಗು ಬರ್ತಿತ್ತು. ಅದಿಲ್ಲದಿದ್ರ ಅಂವನ ಹಾಡು ಯಾರ್ ಕೇಳ್ತಿದ್ರು?"

ಸಿಲ್ವಿಯಾ ಇನ್ನೊಂದು ಚೀಟಿ ಅಂಟಿಸಿದಳು. ಅದು ತಲೆಕೆಳಗಾಗಿತ್ತು.

ಹಾಡಿನಲ್ಲಿ ಏನೂ ಇರಲಿಲ್ಲ ಎನ್ನುವುದು ನಿಜ. ಒಬ್ಬ ಸಿದ್ದಿ ಹೆಂಗಸು ಹಳಿಯಾಳದ ಸಂತೆಗೆ ತಲೆ ಬಾಚುವ ಹಣಗಿ ಕೊಳ್ಳಲು ಹೋಗುತ್ತಾಳೆ. ಕಟ್ಟಿಗೆಯ ಹಣಗಿ, ಕೊಂಬಿನ ಹಣಗಿ, ಪ್ಲಾಸ್ಟಿಕ್ ಹಣಗಿ, ಒಂದೊಂದು ನುಡಿಗೆ ಒಂದೊಂದು ಹಣಗಿ. ಅವಳ ಗುಂಗುರು ಕೂದಲಿಗೆ ಇಟ್ಟ ಕೂಡಲೇ ಹಣಗಿಯ ಹಲ್ಲು ಮುರಿಯುತ್ತದೆ. ಕೊನೆಗೆ ಅಂಗಡಿಯವನು ಹೊಲ ಹರಗುವ ಕುಂಟೆ ತಂದುಕೊಡುತ್ತಾನೆ. ಅಷ್ಟೇ. ಒಂದೊಂದು ಹಲ್ಲು ಮುರಿದಾಗಲೂ ಹಿಂದಿನಿಂದ ಒಬ್ಬ ಹುಡುಗಿ ನಗುತ್ತಾಳೆ. ಕ್ಯಾಸೆಟ್ಟು ಬಂದ ವರ್ಷ ಅದು ಬಸ್ಸುಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಲ್ಲಿ, ಚಹಾದಂಗಡಿಗಳಲ್ಲಿ, ಗಣಪತಿ ಪೆಂಡಾಲಿನಲ್ಲಿ ಕೂಡ ಮೊಳಗಿತು. ಅವ್ವ ಕಾತರಿನಾ ಪರರ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವಾಗ ಟ್ರ್ಯಾಕ್ಟರು ಹಾದಿಯಲ್ಲಿ ನಿಲ್ಲಿಸಿ ಹಚ್ಚುತ್ತಿದ್ದರು. ಅವ್ವ ಆ ವರ್ಷದಿಂದ ತಲೆಗೆ ವಸ್ತ್ರ ಕಟ್ಟತೊಡಗಿದಳು, ಬಿಸಿಲು ಎನ್ನುತ್ತಿದ್ದಳು. ಸಾಯುವ ತನಕ, ಮನೆಯೊಳಗೂ, ದೀಪ ಆರಿಸಿ ಮಲಗುವಾಗಲೂ ಅದು ಬಿಸಿಲೇ ಆಗಿತ್ತು. ಹೆಣಕ್ಕೆ ಸ್ನಾನ ಮಾಡಿಸುವಾಗ ವಸ್ತ್ರ ಬಿಚ್ಚಿದವಳು ಸಿಲ್ವಿಯಾ. ಒಳಗೆ ಬಿಳಿಯಾದ, ಮೆತ್ತಗಿನ, ಚಿಕ್ಕ ಚಿಕ್ಕ ಸುರುಳಿಯ ಕೂದಲು ಹದಿನಾಲ್ಕು ವರ್ಷ ಗಾಳಿ ಕಾಣದೆ ತಲೆಗೆ ಅಂಟಿಕೊಂಡಿತ್ತು.

ಆ ನಗು ಸಿಲ್ವಿಯಾಳದು. ಇದನ್ನು ಅವಳು ಮನಸ್ಸಿನೊಳಗೆ ಹೇಳಿಕೊಳ್ಳುವಾಗಲೂ ಈಗ ಬೇರೆ ಯಾರದೋ ವಿಳಾಸ ಓದಿದ ಹಾಗೆ ಓದುತ್ತಿದ್ದಳು. ಆಗ ಅವಳಿಗೆ ಹದಿನೆಂಟು, ಹಳಿಯಾಳದ ಸಿಸ್ಟರುಗಳ ಬೋರ್ಡಿಂಗಿನಲ್ಲಿ ಇದ್ದಳು, ಇಗರ್ಜಿಯ ಹಾಡಿನ ಗುಂಪಿನಲ್ಲಿ ಹಾಡುತ್ತಿದ್ದಳು. ಕ್ರಿಸ್ಮಸ್ ಹಾಡುಗಳ ಕ್ಯಾಸೆಟ್ಟು ಮಾಡಲೆಂದು ಗುಂಪನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಗೋಣಿಚೀಲ, ಹಳೆಯ ಗಾದಿ ಬಡಿದ ಗೋಡೆಗಳ ಕತ್ತಲೆ ಕೋಣೆ. ಒಳಗೆ ಮಾತಾಡಿದರೆ ಮಾತು ತುಟಿಯ ಹತ್ತಿರವೇ ಸತ್ತು ಬೀಳುತ್ತಿತ್ತು. ಇವರದು ಮುಗಿದ ಮೇಲೆ ಅಡಿವೆಯ್ಯನ ಸರದಿ. ಆಗ ಅವನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಕಲಘಟಗಿ ಕಡೆಯ ಸಣಕಲು ಹುಡುಗ, ಎದೆಯ ಮೇಲೆ ಹಾರ್ಮೋನಿಯಂ ಹಾಕಿಕೊಂಡೇ ಚಹಾ ಕುಡಿಯುತ್ತಿದ್ದ. ನಗಲು ಗೊತ್ತುಮಾಡಿದ್ದ ನಾಟಕದ ಹೆಂಗಸು ಬಂದಿರಲಿಲ್ಲ. ಚೆನ್ನಾಗಿ ನಗುವವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಗುಂಪಿನ ಹುಡುಗಿಯರು ಸಿಲ್ವಿಯಾಳನ್ನು ಮುಂದೆ ತಳ್ಳಿದರು. ಬೋರ್ಡಿಂಗಿನಲ್ಲಿ ಅವಳ ನಗು ಎರಡು ಕೋಣೆ ದಾಟಿ ಕೇಳುತ್ತಿತ್ತು. ಮನೆಯಲ್ಲಿ ಅಲ್ಲ, ಮನೆಯಲ್ಲಿ ಹೆಣ್ಣುಮಕ್ಕಳು ಹಲ್ಲು ಕಾಣುವಂತೆ ನಕ್ಕರೆ ಅವ್ವ ಬೆನ್ನಿಗೆ ಒಂದು ಕೊಡುತ್ತಿದ್ದಳು. ಮನೆಯವರು ಯಾರೂ ಕೇಳದ ನಗು ಅದು. ಆದ್ದರಿಂದಲೇ ಕ್ಯಾಸೆಟ್ಟಿನಲ್ಲಿ ಅದನ್ನು ನೂರು ಸಲ ಕೇಳಿದರೂ ಅವರಿಗೆ ಗುರುತು ಸಿಗಲಿಲ್ಲ.

ಮೋಸ ಮಾಡಿ ನಗಿಸಿದರು ಎಂದು ಹೇಳಿಕೊಳ್ಳಲು ಅವಳು ಬಹಳ ವರ್ಷ ಪ್ರಯತ್ನಪಟ್ಟಿದ್ದಳು. ಆಗಲಿಲ್ಲ. ಅವನು ಹಾಡುತ್ತ ಹುಬ್ಬು ಕುಣಿಸುತ್ತಿದ್ದ, ಹಣಗಿ ಮುರಿದ ಸದ್ದನ್ನು ನಾಲಿಗೆಯಿಂದ ಮಾಡುತ್ತಿದ್ದ, ನಗು ಬಂತು. ಕೋಣೆಯಲ್ಲಿ ಎಲ್ಲರೂ ನಗುತ್ತಿದ್ದರು, ಯಾರೂ ಅವಳ ಕಡೆ ವಿಶೇಷವಾಗಿ ನೋಡುತ್ತಿರಲಿಲ್ಲ. ಆ ಹತ್ತು ನಿಮಿಷ ಅವಳು ಉಳಿದ ಹುಡುಗಿಯರ ಹಾಗೆ ಒಬ್ಬ ಹುಡುಗಿಯಾಗಿದ್ದಳು, ಹಾಡಿನೊಳಗಿನ ಹೆಂಗಸು ಬೇರೆ ಯಾರೋ ಆಗಿದ್ದಳು, ಅದು ಎಷ್ಟು ಹಗುರವಾಗಿತ್ತು. ಪೂರ್ತಿ ಮುಗಿದ ಮೇಲೆ ತಬಲಾ ತಪ್ಪಿತೆಂದೋ ಏನೋ ಇನ್ನೊಮ್ಮೆ ಎಂದರು. ಎರಡನೆಯ ಸಲ ಅವಳಿಗೆ ಎಲ್ಲ ನುಡಿ ಗೊತ್ತಿತ್ತು, ಎಲ್ಲಿ ಯಾವ ಮಾತು ಬರುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ನಕ್ಕಳು, ಮೊದಲಿನದಕ್ಕಿಂತ ಚೆನ್ನಾಗಿ. ಕ್ಯಾಸೆಟ್ಟಿನಲ್ಲಿ ಇರುವುದು ಆ ಎರಡನೆಯ ಸಲದ್ದು. ಆಮೇಲೆ ಅವಳಿಗೊಂದು ಬಾಟಲಿ ಕಿತ್ತಳೆ ಬಣ್ಣದ ಸೋಡಾ ಕುಡಿಸಿದರು. ಗುಂಪಿನ ಉಳಿದವರೆಲ್ಲ ಹಳಿಯಾಳ ಪೇಟೆಯ ಕಡೆಯವರು; ಒಬ್ಬೊಬ್ಬರೇ ಮದುವೆಯಾಗಿ ಗೋವಾಕ್ಕೆ, ಮುಂಬೈಗೆ ಹೋದರು. ಗೊತ್ತಿದ್ದವರು ಯಾರೂ ಇಲ್ಲಿ ಉಳಿಯಲಿಲ್ಲ.

ಒಮ್ಮೆ ಅದನ್ನು ಹೇಳಿಕೊಂಡೂ ಇದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಎಲ್ಲರೂ ಪಾದ್ರಿಯವರ ಮುಂದೆ ಕುಮ್ಸಾರಿಗೆ ಮೊಣಕಾಲೂರುತ್ತಾರೆ, ಮಾಡಿದ ಪಾಪ ಹೇಳಿ ಕ್ಷಮೆ ಪಡೆಯುತ್ತಾರೆ. ಅವಳು ವರ್ಷ ವರ್ಷ ಸುಳ್ಳು ಹೇಳಿದ್ದು, ಪೂಜೆ ತಪ್ಪಿಸಿದ್ದು, ಅವ್ವನಿಗೆ ಎದುರಾಡಿದ್ದು ಎಲ್ಲ ಹೇಳಿ ಇದೊಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಎದ್ದು ಬರುತ್ತಿದ್ದಳು. ಅವ್ವ ತೀರಿಕೊಂಡ ವರ್ಷ ಹೇಳಿಬಿಟ್ಟಳು. ಮಂಗಳೂರಿನಿಂದ ಬಂದ ಹೊಸ ಪಾದ್ರಿ, ಚಿಕ್ಕ ವಯಸ್ಸಿನವರು, ಆ ಹಾಡು ಕೇಳಿದವರಲ್ಲ. ಜಾಳಿಗೆಯ ಆಚೆಯಿಂದ, ನಕ್ಕದ್ದು ಪಾಪವಲ್ಲ ಮಗಳೇ, ಮನಸ್ಸಿಗೆ ಸಮಾಧಾನವಾಗಲು ಮೂರು ಸಲ ಮರಿಯಮ್ಮನ ಪ್ರಾರ್ಥನೆ ಹೇಳು ಎಂದರು. ಹೇಳಿದಳು. ಮೂರೂ ಸೇರಿ ಒಂದು ನಿಮಿಷ ಆಯಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅವಳಿಗೆ ತಾನು ಕ್ಷಮೆ ಪಡೆದವಳು ಎಂಬುದು ತಿಳಿದಿತ್ತು. ಒಳಗೆ ಮಾತ್ರ ಏನೂ ಅಲುಗಿರಲಿಲ್ಲ. ಆ ಕ್ಷಮೆ ವಿಳಾಸ ತಪ್ಪಿ ಬಂದ ಕಾಗದದ ಹಾಗೆ ಅವಳ ಹತ್ತಿರ ಉಳಿದುಬಿಟ್ಟಿತು. ಹಿಂದಿರುಗಿಸಲು ಬರುವುದಿಲ್ಲ, ಇಟ್ಟುಕೊಂಡರೆ ತನ್ನದಲ್ಲ.

ಮಧ್ಯಾಹ್ನ ಅಣ್ಣ ಇನಾಸ ಬಂದ. ಸಭಾಭವನದ ಹಿಂದೆ ಒಣ ಎಲೆಗಳ ಬೆಂಕಿ ಮಾಡಿ, ಅವನೂ ಅವನ ಜೊತೆಯ ನಾಲ್ವರೂ ದಮಾಮಿ ಡೋಲುಗಳ ಚರ್ಮ ಕಾಯಿಸುತ್ತ ಕೂತಿದ್ದರು. ತನ್ನ ಹಾಡಿಗೆ ಸಿದ್ದಿಗಳ ದಮಾಮಿ ಜೊತೆಯಾಗಬೇಕೆಂದು ಅಡಿವೆಯ್ಯನೇ ಹೇಳಿ ಕಳಿಸಿದ್ದನಂತೆ. ಬಸ್ಸಿಗೆ ಬೇಗ ಹೊರಟಿದ್ದರಿಂದ ಅಣ್ಣ ಉಂಡಿರಲಿಲ್ಲ. ಅವಳು ಡಬ್ಬಿ ಬಿಚ್ಚಿ, ರೊಟ್ಟಿ ಪಲ್ಯ ಕೊಟ್ಟು, ರೂಢಿಯಂತೆ ಅವನ ಬಲಗಡೆ ಕೂತಳು. ಎಡಗಿವಿ ಕೇಳುವುದಿಲ್ಲ. ಕ್ಯಾಸೆಟ್ಟು ಬಂದ ಮರುವರ್ಷ, ಹಳಿಯಾಳದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಅವ್ವ ಬಸ್ಸಿಗೆ ಕಾಯುತ್ತ ನಿಂತಿದ್ದನ್ನು ನೋಡಿಯೇ ಆ ಹಾಡು ಹಚ್ಚಿದರು. ಇನಾಸ ಒಳಗೆ ನುಗ್ಗಿ ಟೇಪನ್ನು ಕರುಳಿನ ಹಾಗೆ ಎಳೆದು ಹಾಕಿದ. ನಾಲ್ಕು ಜನ ಸೇರಿ ಹೊಡೆದರು. ಅದರಲ್ಲಿ ಒಂದು ಏಟು ಕಿವಿಯ ಮೇಲೆ ಬಿತ್ತು. ಸಿಲ್ವಿಯಾ ಆಗ ಬೋರ್ಡಿಂಗಿನಿಂದ ಬಂದು ಬಿಸಿ ಎಣ್ಣೆ ಹಾಕಿ, ಹತ್ತಿ ಇಟ್ಟು, ಹದಿನೈದು ದಿನ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹತ್ತಿ ತೆಗೆದಾಗಲೆಲ್ಲ ಹಳದಿ ಕೀವಿನಲ್ಲಿ ಒಂದು ಎಳೆ ರಕ್ತ ಇರುತ್ತಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ.

ಅವನಿಗೆ ಬರಲು ಹೇಗೆ ಮನಸ್ಸಾಯಿತು ಎಂದು ಅವಳು ಕೇಳಿದಳು. ಇನಾಸ ರೊಟ್ಟಿ ಮುರಿಯುತ್ತ, ಕರೆದಿದ್ದಾರೆ, ಬಂದೆ ಎಂದ. ಅವನಿಗೆ ಸಿಟ್ಟು ಇಲ್ಲದ್ದು ಅವಳಿಗೆ ಸಮಾಧಾನ ಕೊಡಬೇಕಿತ್ತು.

"ಅಂವ ಹೊಟ್ಟಿಪಾಡಿಗೆ ಹಾಡಿದ. ನಾ ಹೊಟ್ಟಿಪಾಡಿಗೆ ಬಾರಸ್ತೇನಿ. ಸಾರಿ ಅಂತಾನಂದ್ರ ಅನ್ಲಿ ಬಿಡು ಸಿಲ್ವಿ, ನಮ್ಮದೇನ್ ಹೋಗೂದೈತಿ." ಸ್ವಲ್ಪ ಹೊತ್ತು ಅಗಿದ. "ಅಂವನ ದನಿ ನಂಗ ಈಗ ನೆನಪ ಇಲ್ಲ. ಆ ನಗು ಐತಲ್ಲ, ಅದು ಹೋಗವಲ್ದು. ಈ ಕಿವಿಯೊಳಗ ಹೊರಗಿಂದು ಏನೂ ಬರೂದಿಲ್ಲ ನೋಡು, ಒಳಗ ಅದೊಂದ ಕುಂತೈತಿ. ಯಾವ ನಾಟಕದಾಕಿನೋ ಏನೋ. ಆಕಿ ಒಮ್ಮೆ ಎದುರಿಗೆ ಸಿಗಬೇಕಿತ್ತು."

"ಸಿಕ್ರ ಏನ್ ಮಾಡ್ತಿದ್ದಿ, ದಾದಾ?"

"ಏನ್ ಮಾಡ್ಲಿ. ಅಷ್ಟು ಖುಷಿ ಎಲ್ಲಿಂದ ಬಂತವ್ವಾ ನಿನಗ ಅಂತ ಕೇಳ್ತಿದ್ದೆ."

ಅವನು ನೀರು ಕೇಳಿದ. ಅವಳು ತರಲು ಎದ್ದಳು. ನಳದ ಕೆಳಗೆ ತಂಬಿಗೆ ತುಂಬಿ ಚೆಲ್ಲುತ್ತಿದ್ದರೂ ನೋಡುತ್ತ ನಿಂತಿದ್ದಳು. ಯಾರೋ ಬಂದು ನಳ ಬಂದ್ ಮಾಡಿದರು.

ಅತಿಥಿಗಳು ವಿಶ್ರಾಂತಿ ತೆಗೆದುಕೊಳ್ಳಲು ಲೈಬ್ರರಿಯನ್ನೇ ಗೊತ್ತುಮಾಡಿದ್ದರು. ಮೂರು ಗಂಟೆಗೆ ಅಡಿವೆಯ್ಯ ಬಂದಾಗ ಚಹಾ ಕೊಡಬೇಕಾದವಳೂ ಅವಳೇ. ಬಿಳಿ ಧೋತರ, ಬಿಳಿ ಗಡ್ಡ, ಹಣೆಯ ತುಂಬ ವಿಭೂತಿ. ಆ ಸಣಕಲು ಹುಡುಗ ಇದರೊಳಗೆ ಎಲ್ಲಿದ್ದಾನೆಂದು ಅವಳು ಹುಡುಕಲಿಲ್ಲ. ಪ್ರಿನ್ಸಿಪಾಲರು ಇವರೇ ನಮ್ಮ ಸಿಲ್ವಿಯಾ ಬಾಯಿ ಎಂದು ತೋರಿಸಿ, ಮಂತ್ರಿಗಳ ಕಡೆಯವರು ಯಾರೋ ಬಂದರೆಂದು ಹೊರಗೆ ಹೋದರು. ಅಡಿವೆಯ್ಯ ಕಪ್ಪು ಕೆಳಗಿಟ್ಟು ಎದ್ದು ನಿಂತು ಕೈ ಮುಗಿದ. ಗುರುತು ಹಿಡಿದಿದ್ದ. ಹೆಸರು ಕೇಳಿದ ದಿನವೇ ತಿಳಿಯಿತು ಎಂದ. ದನಿ ಮೆತ್ತಗಿತ್ತು, ನಿಜವಾಗಿಯೂ ನೊಂದವನ ದನಿ. ಅವನು ನಾಟಕ ಮಾಡುತ್ತಿಲ್ಲ ಎನ್ನುವುದೇ ಅವಳಿಗೆ ಕಷ್ಟವಾಗಿತ್ತು.

"ನಿಮ್ಮ ಹೆಸರು ಈ ಇಪ್ಪತ್ತು ವರ್ಷದಾಗ ನಾ ಯಾರ ಮುಂದೂ ಹೇಳಿಲ್ರಿ ತಂಗಿ. ಇವತ್ತೂ ಹೇಳೂದಿಲ್ಲ. ನೀವು ಆವಾಗ ಸಣ್ಣವರು, ನಿಮ್ಮದೇನ್ ತಪ್ಪು? ಎಲ್ಲಾ ನನ್ನ ತಲಿ ಮ್ಯಾಲೆ ಇರ್ಲಿ."

ಅವಳು ಚಹಾದ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಇದು ಉಪಕಾರ. ಶಾಲು ಹೊದಿಸಿದರೆ ಈ ಉಪಕಾರಕ್ಕೆ ಹೊದಿಸಿದ ಹಾಗೆ. ಹೊದಿಸದಿದ್ದರೂ ಇವನು ಬಾಯಿ ಬಿಡುವವನಲ್ಲ, ಅಷ್ಟು ಒಳ್ಳೆಯವನಾಗಿಬಿಟ್ಟಿದ್ದಾನೆ. ಅವ್ವನ ವಸ್ತ್ರ, ಅಣ್ಣನ ಕಿವಿ, ತಾನು ಬಾಯಿಗೆ ಸೆರಗು ಹಿಡಿಯದೆ ನಗಲಾರದೆ ಹೋದದ್ದು, ಎಲ್ಲವನ್ನೂ ಇವನು ಒಂದೇ ಗಂಟು ಕಟ್ಟಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಹೊರಟಿದ್ದಾನೆ. ತನ್ನ ಹತ್ತಿರ ಆಮೇಲೆ ಏನು ಉಳಿಯುತ್ತದೆ? ಕೇಳಬೇಕೆಂದು ಎಂದೂ ಅಂದುಕೊಂಡಿರದ ಪ್ರಶ್ನೆಯೊಂದನ್ನು, ಎಷ್ಟು ಸಕ್ಕರೆ ಹಾಕಲಿ ಎನ್ನುವ ದನಿಯಲ್ಲಿ ಕೇಳಿದಳು.

"ಎರಡನೇ ಸಲ ಯಾಕ ಹಾಡಿದ್ರಿ?"

ಅವನು ನೆಲ ನೋಡಿದ. "ಮೊದಲನೇ ಸಲ ನೀವು ನಡುವ ನಿಂತಬಿಟ್ರಲ್ಲ" ಎಂದ. ಅವಳಿಗೆ ತಿಳಿಯಲಿಲ್ಲವೆಂದು ಕಂಡು ಮತ್ತೆ ಹೇಳಿದ. "ಸಿದ್ದ್ಯಾರಾಕಿ ಅನ್ನೂ ಮಾತು ಬಂದ ಕೂಡಲೇ ನಿಮ್ಮ ನಗು ಕಡೀತು. ನಾ ತಲಿ ಎತ್ತಿ ನಿಮ್ಮ ಮಾರಿ ನೋಡ್ದೆ. ತಿಳೀತು ನನಗ. ತಿಳದು, ತಬಲಾ ತಪ್ಪೇತಿ, ಇನ್ನೊಮ್ಮೆ ಹಿಡೀರಿ ಅಂದೆ. ಈ ಮಾತು ನನ್ನ ಮನಿಯಾಕಿಗೂ ಹೇಳಿಲ್ಲ."

ಹೇಳಿದ ಮೇಲೆ ಅವನ ಮುಖ ಹಗುರಾಯಿತು. ಅದನ್ನು ಅವಳು ನೋಡಿದಳು. ಜಾಳಿಗೆಯ ಆಚೆ ಕೂತ ಪಾದ್ರಿಗಳಿಗೆ ದಿನಾ ಕಾಣುವುದು ಇದೇ ಇರಬೇಕು. ಮೊದಲ ಸಲ ತಾನು ನಗು ನಿಲ್ಲಿಸಿದ್ದಳು. ಇದು ತನಗೆ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷ ಒಂದೇ ಸಮ ನಗುತ್ತಿದ್ದ ಹುಡುಗಿ ನಡುವೆ ಒಮ್ಮೆ ಬಾಯಿ ಮುಚ್ಚಿದ್ದಳು ಎಂದು ತಿಳಿದರೆ ಏನೋ ಕರಗಬೇಕಿತ್ತು. ಅವಳು ಕಾದಳು. ಕರಗಲಿಲ್ಲ. ನಿಂತವಳನ್ನು ಒಬ್ಬ ಮತ್ತೆ ನಗು ಎಂದ, ಅವಳು ನಕ್ಕಳು; ಇದು ಮೊದಲಿನದಕ್ಕಿಂತ ಸ್ಪಷ್ಟವಾಗಿತ್ತು, ಅಷ್ಟೇ. ವೇದಿಕೆಯ ಮೇಲೆ ಈ ಮಾತನ್ನೂ ಹೇಳುತ್ತೀರಾ ಎಂದು ಅವಳು ಕೇಳಿದ್ದಕ್ಕೆ ಅವನು ಕೂಡಲೇ ಇಲ್ಲ ಎಂದ. ಹೇಳಿದರೆ ಆ ಹುಡುಗಿ ಯಾರೆಂದು ಜನ ಹುಡುಕುತ್ತಾರೆ, ನಿಮಗೆ ತೊಂದರೆ. ಅವನು ಹೇಳಿದ್ದು ಅವಳ ಒಳ್ಳೆಯದಕ್ಕೇ.

ಸಭೆ ನಾಲ್ಕಕ್ಕೆ ಶುರುವಾಯಿತು. ಅವಳನ್ನು ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂಡಿಸಿದ್ದರು. ಪಕ್ಕದ ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಇನ್ನೊಂದು ಬದಿಗೆ, ಪರದೆಯ ಹತ್ತಿರ, ಇನಾಸ ಮತ್ತು ಅವನ ಜೊತೆಯವರು ದಮಾಮಿ ಕೊರಳಿಗೆ ಹಾಕಿಕೊಂಡು ನಿಂತಿದ್ದರು. ಅಡಿವೆಯ್ಯ ಎದ್ದು ಮಾತಾಡಿದ. ಹರೆಯದ ಹುರುಪಿನಲ್ಲಿ, ತಿಳಿವಳಿಕೆ ಇಲ್ಲದೆ, ಒಂದು ಸಮಾಜದ ಮನಸ್ಸು ನೋಯಿಸುವ ಹಾಡು ಹಾಡಿದೆ, ಅದರ ಪಾಪ ಇವತ್ತಿಗೂ ಸುಡುತ್ತಿದೆ, ತಾಯಂದಿರ ಕಾಲಿಗೆ ಬೀಳುತ್ತೇನೆ ಎಂದ. ತಿಳಿವಳಿಕೆ ಇಲ್ಲದೆ ಎಂಬಲ್ಲಿ ಅವನ ದನಿ ಸ್ವಲ್ಪ ತಗ್ಗಿತು. ಅದು ಸಿಲ್ವಿಯಾಗೆ ಮಾತ್ರ ಕೇಳಿಸಿತು. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಪ್ರಿನ್ಸಿಪಾಲರು ಅವಳ ಕಡೆ ನೋಡಿ ಗದ್ದ ಎತ್ತಿ ಸನ್ನೆ ಮಾಡಿದರು.

ಅವಳು ಎದ್ದಳು. ಶಾಲು ಎತ್ತಿಕೊಂಡಳು, ಹೊಸದು, ಮಡಿಕೆಯಲ್ಲಿ ಗಂಜಿಯ ವಾಸನೆ ಇತ್ತು. ಅಡಿವೆಯ್ಯ ತಲೆ ಬಾಗಿಸಿ ಕೈಮುಗಿದು ನಿಂತಿದ್ದ. ಅವನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಎರಡು ಹೆಜ್ಜೆ, ಎರಡು ಮಾತು, ಮುಗಿಯಿತು. ನಾಳೆ ಭಾನುವಾರ, ಸೋಮವಾರ ಮತ್ತೆ ಚೀಟಿ ಅಂಟಿಸುವುದು. ತನಗೆ ಇವನ ಮೇಲೆ ದ್ವೇಷವೂ ಇಲ್ಲ ಎಂಬುದನ್ನು ಅವಳು ದೂರದಿಂದ ಗಮನಿಸಿದಳು. ಪರದೆಯ ಹತ್ತಿರ ಇನಾಸ ಅವಳನ್ನೇ ನೋಡುತ್ತಿದ್ದ, ತಂಗಿ ಸ್ಟೇಜಿನ ಮೇಲೆ ನಿಂತಿದ್ದಾಳೆಂಬ ಹೆಮ್ಮೆ ಮುಖದ ಮೇಲೆ ಇತ್ತು. ಅದು ಇರಬಾರದಿತ್ತು. ಅವಳು ಶಾಲನ್ನು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಹೋದಳು.

"ಆ ಹಾಡಿನ್ಯಾಗ ನಗೂ ಹುಡುಗಿ ನಾನ" ಎಂದಳು. ಮೈಕಿನಿಂದ ಬಂದ ದನಿ ಅವಳದಾಗಿರಲಿಲ್ಲ, ಆಫೀಸಿನ ಸುತ್ತೋಲೆ ಓದಿದ ಹಾಗಿತ್ತು. "ಮೊದಲನೇ ಸಲ ನಡುವ ನಿಂತಿದ್ದೆ ಅಂತ ಇವ್ರು ಇವತ್ತ ಹೇಳಿದ್ರು. ನೋಡಿ, ತಿಳದ, ಇನ್ನೊಮ್ಮೆ ನಗಿಸಿದ್ರಂತ. ನಾನೂ ತಿಳದ ನಕ್ಕೆ. ನಾ ಇವ್ರ ಜೋಡಿ ನಿಂತಾಕಿ. ನನಗ ಇವ್ರಿಗೆ ಕ್ಷಮಾ ಮಾಡಾಕ ಬರೂದಿಲ್ಲ."

ಸಭೆಯಲ್ಲಿ ಅರ್ಧ ಜನಕ್ಕೆ ಆ ಹಾಡೇ ಗೊತ್ತಿರಲಿಕ್ಕಿಲ್ಲ, ಇಪ್ಪತ್ತು ವರ್ಷದ ಹಿಂದೆ ಅವರು ಹುಟ್ಟಿರಲಿಲ್ಲ. ಹಿಂದೆ ಯಾರೋ ಒಬ್ಬ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದ. ಅಡಿವೆಯ್ಯ ಮುಗಿದ ಕೈ ಇಳಿಸಿರಲಿಲ್ಲ, ಆದರೆ ಈಗ ಆ ಕೈ ಯಾರಿಗೆ ಮುಗಿದದ್ದೆಂದು ಅವನಿಗೇ ತಿಳಿಯದ ಹಾಗೆ ಕಂಡಿತು. ಅವನೂ ಅವಳೂ ಒಂದೇ ಕಡೆ ತಿರುಗಿ ನಿಂತಿದ್ದರು, ಪರದೆಯ ಕಡೆ. ಇನಾಸ ಬಲಗಿವಿ ಇತ್ತ ಮಾಡಿ ನಿಂತಿದ್ದವನು ಮುಖ ತಿರುಗಿಸಿ ನೆಟ್ಟಗೆ ನೋಡಿದ. ಅವನು ಏನೂ ಕೇಳಲಿಲ್ಲ. ಎಲ್ಲಿಂದ ಬಂತವ್ವಾ ಅಷ್ಟು ಖುಷಿ ಎಂದು ಕೇಳಿದ್ದರೆ ಅವಳು ಹೇಳುತ್ತಿದ್ದಳು, ಆ ಕೋಣೆಯಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ ದಾದಾ, ಅದಕ್ಕೇ ಎಂದು. ಅವನು ಕೊರಳಿನಿಂದ ದಮಾಮಿ ಬಿಚ್ಚಿದ, ಜೊತೆಯವನ ಕೈಗೆ ಕೊಟ್ಟ, ಪರದೆ ಸರಿಸಿ ಮೆಟ್ಟಿಲು ಇಳಿದು ಹೋದ. ಪ್ರಿನ್ಸಿಪಾಲರು ಮೈಕು ಹಿಡಿದು, ಭಾವನೆಗಳು ಭಾವನೆಗಳು ಎಂದು ಏನೋ ಶುರುಮಾಡಿದರು.

ಅವಳು ಲೈಬ್ರರಿಗೆ ಹೋಗಿ ಚೀಲ ತೆಗೆದುಕೊಂಡಳು. ಕದ ಹಾಕಿ, ಕೀಲಿ ಶಂಕ್ರವ್ವನ ಕೈಯಲ್ಲಿಟ್ಟಳು. ಸಭಾಭವನದ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಶಂಕ್ರವ್ವ, ಬೆಳಿಗ್ಗೆ ಆಡಿದ ಮಾತು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಮಾತ್ ಯಾಕ ಬೇಕಿತ್ತು ನಿನಗ? ಸುಮ್ನ ಹೊದಿಸಿ ಬರೂದಲ್ಲ" ಎಂದಳು. ಬೈಗುಳವೂ ಅಲ್ಲ, ಮರುಕವೂ ಅಲ್ಲ. ಬಂಗೂರನಗರದ ರಸ್ತೆಯಲ್ಲಿ ಪಾಳಿ ಮುಗಿಸಿದ ಸೈಕಲ್ಲುಗಳು ಎದುರು ಬರುತ್ತಿದ್ದವು. ನೂರು ಮಾರು ಮುಂದೆ ಇನಾಸ ನಡೆಯುತ್ತಿದ್ದ. ಅವಳು ಬಿರುಸಾಗಿ ನಡೆಯಲಿಲ್ಲ, ಅವನು ತಿರುಗಿ ನೋಡಲಿಲ್ಲ. ದೂರ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಒಳಗೆ ಏನಾದರೂ ಒಡೆದಿದೆಯೇ ಎಂದು ನಡೆಯುತ್ತಲೇ ಹುಡುಕಿದಳು. ಕಾಲು ನೋಯುತ್ತಿತ್ತು. ಅದು ತಿಳಿಯುತ್ತಿತ್ತು.

ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸು ನಿಂತಿತ್ತು. ಅವನು ಹಿಂದಿನ ಬಾಗಿಲಿನಿಂದ ಹತ್ತಿದ. ಅವಳು ಮುಂದಿನಿಂದ ಹತ್ತಿ ಹೆಂಗಸರ ಸೀಟಿನಲ್ಲಿ ಕೂತಳು. ಅವಳ ಬಾಡಿಗೆ ಖೋಲಿ ಇರುವುದು ದಾಂಡೇಲಿಯಲ್ಲಿ, ಕಾಲೇಜಿನಿಂದ ಹತ್ತು ನಿಮಿಷ. ಖೋಲಿಯಲ್ಲಿ ಅಕ್ಕಿ ತೊಳೆದಿಟ್ಟು ಬಂದಿದ್ದಳು. ಬಸ್ಸು ಸೇತುವೆ ದಾಟಿದ ಮೇಲೆ ಕಂಡಕ್ಟರು ಹಿಂದಿನಿಂದ ಒಂದೊಂದೇ ಸಾಲು ಮುಗಿಸುತ್ತ ಮುಂದೆ ಬಂದ. ಅವಳು ಚೀಲಕ್ಕೆ ಕೈ ಹಾಕಿ, ಹಳಿಯಾಳ ಒಂದು ಎಂದಳು.

"ನಿಮ್ದು ಆಗೇತ್ರಿ ಬಾಯಾರ. ಹಿಂದ ಕುಂತಾರಲ್ಲ ಅವ್ರು, ಎರಡು ಅಂತ ತಗೊಂಡಾರ."

ಕಂಡಕ್ಟರು ಮುಂದಿನ ಸೀಟಿಗೆ ಹೋದ. ಸಿಲ್ವಿಯಾ ಸ್ವಲ್ಪ ಹೊತ್ತು ಕೈಯನ್ನು ಚೀಲದೊಳಗೇ ಇಟ್ಟುಕೊಂಡು ಕೂತಳು. ಊರಿಗೆ ಬರುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ.